ತೋರಿಕೆಯ ಹೋರಾಟ, ನಿಜವಾದ ಕಾಳಜಿ: ಗುರುತಿಸುವುದು ಹೇಗೆ? ಗುರುತಿಸಲೇಬೇಕಾ?

ಹೊಸಿಲು (ಚರ್ಚೆ ಶುರು ಮಾಡಿದವರು)
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ಕಾಲೇಜಿನ ಹಳೆಯ ಗೆಳೆಯರದ್ದು ಒಂದು ಗ್ರೂಪ್ ಇದೆ. ಎಲ್ಲಾದರೂ ಅನ್ಯಾಯ ನಡೆಯಿತು ಅಂದರೆ ಅವತ್ತೇ ಎಲ್ಲರ ಡಿಪಿ ಬದಲಾಗುತ್ತದೆ. ಸ್ಟೇಟಸ್, ಸ್ಟೋರಿ, ಹ್ಯಾಶ್‌ಟ್ಯಾಗ್. ವಾರ ಕಳೆಯುವುದರೊಳಗೆ ಹಳೆಯ ಡಿಪಿ ವಾಪಸ್. ಮೊನ್ನೆ ಹಾಗೇ ಒಂದು ಸುದ್ದಿ ಬಂದಾಗ ಗೆಳತಿಯೊಬ್ಬಳು ಏನೂ ಹಾಕಲಿಲ್ಲ. ಗ್ರೂಪಿನಲ್ಲಿ ಒಬ್ಬರು ಅವಳ ಹೆಸರು ಹಿಡಿದು, "ನಿನ್ನ ಮೌನದ ಅರ್ಥ ಏನು? ಸುಮ್ಮನಿರುವವರೂ ಪಾಲುದಾರರೇ" ಅಂತ ಬರೆದರು. ಅವಳು ಉತ್ತರ ಕೊಡಲಿಲ್ಲ. ಗ್ರೂಪ್ ಬಿಟ್ಟು ಹೋದಳು.

ಮನೆಯಲ್ಲಿ ಹೊಡೆತ ತಿಂದು ಹೊರಬಂದ ಹೆಂಗಸರಿಗೆ ಅವಳು ವರ್ಷಗಳಿಂದ ಅರ್ಜಿ ಬರೆದುಕೊಡುತ್ತಾಳೆ. ಕೋರ್ಟಿನ ದಿನ ಜೊತೆಗೆ ಹೋಗಿ, ಹೆಸರು ಕೂಗುವವರೆಗೂ ಬೆಂಚಿನ ಮೇಲೆ ಪಕ್ಕದಲ್ಲಿ ಕೂರುತ್ತಾಳೆ. ಇದರ ಫೋಟೊ ಹಾಕುವ ಹಾಗೇ ಇಲ್ಲ, ಆ ಹೆಂಗಸರ ಗುರುತು ಹೊರಗೆ ಬೀಳಬಾರದು. ಗ್ರೂಪಿನಲ್ಲಿ ಇದು ಯಾರಿಗೂ ಗೊತ್ತಿಲ್ಲ.

ಒಬ್ಬರ ಕಾಳಜಿ ನಿಜವೋ ತೋರಿಕೆಯೋ ಅಂತ ಹೊರಗಿನವರಿಗೆ ಗೊತ್ತಾಗುತ್ತದಾ? ಗೊತ್ತಾಗುತ್ತದೆ ಅಂದರೂ, ಹೀಗೆ ನಿಲ್ಲಿಸಿ ಕೇಳುವ ಹಕ್ಕು ಯಾರಿಗಿದೆ?

ಕಡ್ಡಿಪೆಟ್ಟಿಗೆ
ಸ್ಟೇಟಸ್ ಹಾಕದವರ ಹಾಜರಿ ತೆಗೆಯುವುದು ದಬ್ಬಾಳಿಕೆ. ಅಷ್ಟೇ.

ನೀಲಿಶಾಯಿ
ಇದಕ್ಕೆ 2020ರ ಜೂನ್ 2ಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಮಿನಿಯಾಪೊಲಿಸ್‌ನಲ್ಲಿ ಪೊಲೀಸರು ಜಾರ್ಜ್ ಫ್ಲಾಯ್ಡ್ ಅವರನ್ನು ಕೊಂದು ಒಂದು ವಾರ ಆಗಿತ್ತು. ಸಂಗೀತ ಉದ್ಯಮದಲ್ಲಿ ಕೆಲಸ ಮಾಡುವ ಇಬ್ಬರು ಕಪ್ಪು ಮಹಿಳೆಯರು, ಜಮೀಲಾ ಥಾಮಸ್ ಮತ್ತು ಬ್ರಿಯಾನಾ ಅಗ್ಯೆಮಾಂಗ್, ಒಂದು ಕರೆ ಕೊಟ್ಟರು. ಕಪ್ಪು ಕಲಾವಿದರಿಂದ ದುಡ್ಡು ಮಾಡುವ ಈ ಉದ್ಯಮ ಒಂದು ದಿನ ಕೆಲಸ ನಿಲ್ಲಿಸಲಿ, ತಾನೇನು ಮಾಡುತ್ತಿದ್ದೇನೆ ಅಂತ ಯೋಚಿಸಲಿ ಅಂತ.

ಇನ್‌ಸ್ಟಾಗ್ರಾಂಗೆ ಬರುವ ಹೊತ್ತಿಗೆ ಅದು ಬರೀ ಕಪ್ಪು ಚೌಕ ಆಗಿತ್ತು. 2.8 ಕೋಟಿಗೂ ಜಾಸ್ತಿ ಪೋಸ್ಟ್. ಎಷ್ಟೋ ಜನ ಅದಕ್ಕೆ ಬ್ಲ್ಯಾಕ್ ಲೈವ್ಸ್ ಮ್ಯಾಟರ್ ಹೋರಾಟದ ಹ್ಯಾಶ್‌ಟ್ಯಾಗನ್ನೂ ಸೇರಿಸಿದರು. ಮೆರವಣಿಗೆ ಎಲ್ಲಿದೆ, ಜಾಮೀನಿಗೆ ದುಡ್ಡು ಎಲ್ಲಿ ಕೊಡಬೇಕು ಅಂತ ಆ ಹ್ಯಾಶ್‌ಟ್ಯಾಗ್ ನೋಡುತ್ತಿದ್ದವರಿಗೆ ಸಾಲು ಸಾಲು ಕಪ್ಪು ಚೌಕ ಕಾಣಿಸಿತು. ಹೋರಾಟದಲ್ಲಿದ್ದವರೇ "ದಯವಿಟ್ಟು ಆ ಹ್ಯಾಶ್‌ಟ್ಯಾಗ್ ತೆಗೆಯಿರಿ" ಅಂತ ಬೇಡಿಕೊಳ್ಳಬೇಕಾಯಿತು.

ಚೌಕ ಹಾಕಿದವರಲ್ಲಿ ಹೆಚ್ಚಿನವರು ಒಳ್ಳೆಯ ಮನಸ್ಸಿನವರೇ ಇರಬಹುದು, ನನಗೆ ಅನುಮಾನ ಇಲ್ಲ. ಆದರೆ ಯಾರಿಗಾಗಿ ಹಾಕಿದರೋ ಅವರ ದಾರಿಗೇ ಅಡ್ಡ ಬಂದಿತು.

ಅಲೆಮಾರಿಮನ
ನೀಲಿಶಾಯಿ ಅವರೇ, ಒಂದು ಕಡೆಯದನ್ನು ಮಾತ್ರ ಹೇಳಿದಿರಿ. 2014ರ ಐಸ್ ಬಕೆಟ್ ಚಾಲೆಂಜ್ ನೆನಪಿದೆಯಾ? ಎಎಲ್‌ಎಸ್ ಎಂಬ ನರರೋಗಕ್ಕೆ ದುಡ್ಡು ಕೂಡಿಸಲು ತಲೆ ಮೇಲೆ ತಣ್ಣೀರು ಸುರಿದುಕೊಂಡು ವಿಡಿಯೊ ಹಾಕುವುದು. ಆಗಲೂ ಎಲ್ಲರೂ ಇದು ತೋರಿಕೆ, ನೀರು ದಂಡ ಅಂತ ಬೈದರು. ಕೆಲವೇ ವಾರಗಳಲ್ಲಿ ಅಮೆರಿಕದ ಎಎಲ್‌ಎಸ್ ಅಸೋಸಿಯೇಶನ್‌ಗೆ 11.5 ಕೋಟಿ ಡಾಲರ್ ಬಂತು. ಆ ದುಡ್ಡಿನ ನೆರವಿನ ಸಂಶೋಧನೆಯಿಂದ 2016ರಲ್ಲಿ ಎನ್‌ಇಕೆ1 ಎಂಬ ಜೀನ್‌ಗೂ ಆ ಕಾಯಿಲೆಗೂ ಇರುವ ನಂಟು ಗೊತ್ತಾಯಿತು. ತೋರಿಕೆಯಿಂದಲೂ ಕೆಲಸ ಆಗುತ್ತದೆ.

ಓದುಗಮಿತ್ರ
ಅಲೆಮಾರಿಮನ, ಅಂಕಿ ಸರಿ. ಅದರ ನೆರವು ಪಡೆದ ಒಂದು ಔಷಧಿಗೆ 2022ರಲ್ಲಿ ಅನುಮತಿಯೂ ಸಿಕ್ಕಿತ್ತು, ದೊಡ್ಡ ಪರೀಕ್ಷೆಯಲ್ಲಿ ಕೆಲಸ ಮಾಡಲಿಲ್ಲ ಅಂತ 2024ರಲ್ಲಿ ವಾಪಸ್ ತೆಗೆದರು. ಅದೂ ಲೆಕ್ಕದಲ್ಲಿರಲಿ.

ನನ್ನ ತಕರಾರು ಬೇರೆ. ಎಎಲ್‌ಎಸ್ ಒಂದು ಕಾಯಿಲೆ. ಕಾಯಿಲೆಯ ಪರವಾಗಿ ಯಾರೂ ನಿಲ್ಲುವುದಿಲ್ಲ. ನ್ಯಾಯದ ಹೋರಾಟದಲ್ಲಿ ಎದುರಾಳಿ ಇರುತ್ತಾನೆ. ಅವನ ಕೈಯಲ್ಲಿ ಏನೋ ಇದೆ, ಅದನ್ನು ಬಿಡಲು ಅವನಿಗೆ ಇಷ್ಟ ಇಲ್ಲ. ಅಲ್ಲಿ ಜನರಿಗೆ ವಿಷಯ ಗೊತ್ತಾಗುವುದು ಮೊದಲ ಮೆಟ್ಟಿಲು, ಅಲ್ಲೇ ನಿಂತರೆ ಎದುರಾಳಿಗೆ ಯಾವ ತೊಂದರೆಯೂ ಇಲ್ಲ.

ಅಲೆಮಾರಿಮನ
ಒಪ್ಪಿದೆ. ಆದರೆ ಮೊದಲ ಮೆಟ್ಟಿಲೇ ಬೇಡ ಅಂತ ಯಾರೂ ಹೇಳಬಾರದು ಅನ್ನುವುದು ನನ್ನ ಮಾತು.

ನೇರನುಡಿ
ಮೆಟ್ಟಿಲೂ ಇಲ್ಲ, ಮಹಡಿಯೂ ಇಲ್ಲ. ಎಲ್ಲಾ ನಾಟಕ. ಸಾಮಾಜಿಕ ನ್ಯಾಯ ಅಂತ ಬಾಯಿ ಮಾಡುವವರಲ್ಲಿ ನೂರಕ್ಕೆ ತೊಂಬತ್ತು ಜನಕ್ಕೆ ಬೇಕಿರುವುದು ಲೈಕ್. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ.

ಗುಬ್ಬಿಗೂಡು
ನೇರನುಡಿ ಅವರೇ, ಆ ತೊಂಬತ್ತನ್ನು ಎಣಿಸಿದವರು ಯಾರು? ಬೇರೆಯವರ ಮನಸ್ಸಿನೊಳಗೆ ಏನಿದೆ ಅಂತ ನಿಮಗೆ ಹೇಗೆ ಗೊತ್ತು?

ಒಂದೇ ಪೋಸ್ಟ್ ಇಬ್ಬರು ಹಾಕಿದರೆ ಅದು ಒಂದೇ ಕೆಲಸ ಆಗುವುದಿಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗಿಯೊಬ್ಬಳು ಸಲಿಂಗಿಗಳ ಪರವಾಗಿ ಒಂದೇ ಒಂದು ಸಾಲಿನ ಸ್ಟೇಟಸ್ ಹಾಕಿದಳು. ಅವಳೇ ಸಲಿಂಗಿ ಅಂತ ಆಗ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದೇ ಸಾಲನ್ನು ನಾನು ಹಾಕಿದರೆ ನಾಲ್ಕು ಲೈಕ್ ಬರುತ್ತಿತ್ತು, ಅಷ್ಟೇ. ಅವಳಿಂದ ಮನೆಯವರು ಫೋನ್ ಕಿತ್ತುಕೊಂಡರು. ಕೆಲಸಕ್ಕೂ ಕಳಿಸಲಿಲ್ಲ. ಮೇಲಿನಿಂದ ನೋಡಿದವರಿಗೆ ಅದು ಸೋಮಾರಿಯ ಸ್ಟೇಟಸ್. ಅವಳ ಪಾಲಿಗೆ ಬದುಕಿನಲ್ಲೇ ದೊಡ್ಡ ಸಾಹಸ.

ಅದಕ್ಕೇ 'ಬರೀ ಪೋಸ್ಟ್ ಹಾಕಿದ್ದಾರೆ' ಅನ್ನುವ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ.

ಸಂಜೆಗಾಳಿ
ಗುಬ್ಬಿಗೂಡು ಅಕ್ಕ, ನೂರಕ್ಕೆ ನೂರು ನಿಜ. ಅವರು ಈಗ ಹೇಗಿದ್ದಾರೆ?

ಗುಬ್ಬಿಗೂಡು
ಚೆನ್ನಾಗಿದ್ದಾಳೆ. ಬೇರೆ ಕಡೆ ಕೆಲಸ ಸಿಕ್ಕಿದೆ, ಒಬ್ಬಳೇ ಇದ್ದಾಳೆ. ಇದಕ್ಕಿಂತ ಜಾಸ್ತಿ ಇಲ್ಲಿ ಹೇಳುವುದು ಬೇಡ.

ಮರದನೆರಳು
ತೋರಿಕೆ ಅಂದ ಕೂಡಲೇ ಸುಳ್ಳು ಅಂತ ಯಾಕೆ ಅಂದುಕೊಳ್ಳಬೇಕು? ಹೋರಾಟದಲ್ಲಿ ತೋರಿಸುವುದೇ ಎಷ್ಟೋ ಸಲ ಮುಖ್ಯ ಕೆಲಸ. 1955ರಲ್ಲಿ ಅಮೆರಿಕದ ಹದಿನಾಲ್ಕು ವರ್ಷದ ಕಪ್ಪು ಹುಡುಗ ಎಮೆಟ್ ಟಿಲ್‌ನನ್ನು ಮಿಸಿಸಿಪಿಯಲ್ಲಿ ಕೊಂದರು. ಗುರುತೇ ಸಿಗದ ಹಾಗೆ ಆಗಿದ್ದ ಮುಖವನ್ನು ಮುಚ್ಚಬೇಡಿ, ಪೆಟ್ಟಿಗೆ ತೆರೆದಿಡಿ ಅಂತ ತಾಯಿ ಮೇಮಿ ಟಿಲ್ ಹಟ ಹಿಡಿದರು. ಸಾವಿರಾರು ಜನ ಸಾಲು ನಿಂತು ನೋಡಿದರು. ಫೋಟೊ ಪತ್ರಿಕೆಯಲ್ಲಿ ಬಂತು. ಆ ತಾಯಿ ಮಾಡಿದ್ದು ಪ್ರದರ್ಶನ. ಅದರಲ್ಲಿ ಸುಳ್ಳು ಎಲ್ಲಿದೆ?

ಮಹಾರಾಷ್ಟ್ರದ ಮಹಾಡ್ ತೆಗೆದುಕೊಳ್ಳಿ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ನಡೆದು ಹೋಗಿ ದಲಿತರಿಗೆ ಮುಟ್ಟಲು ಬಿಡದಿದ್ದ ಚವದಾರ್ ಕೆರೆಯ ನೀರು ಕುಡಿದರು. ಬಾಯಾರಿಕೆಗೆ ಕುಡಿದದ್ದಾ? ಎಲ್ಲರೂ ನೋಡಲಿ ಅಂತಲೇ ಕುಡಿದದ್ದು. ವಾಪಸ್ ಬರುವಾಗ ಪೆಟ್ಟು ತಿಂದರು. 1930ರ ದಂಡಿಯೂ ಹಾಗೇ, ಒಂದು ಹಿಡಿ ಉಪ್ಪಿಗೆ ಗಾಂಧೀಜಿ ಅಷ್ಟು ದೂರ ನಡೆಯಬೇಕಿರಲಿಲ್ಲ.

ನೇರನುಡಿ
ಮರದನೆರಳು ಸರ್, ಅವರೆಲ್ಲ ಪೆಟ್ಟು ತಿಂದರು, ಜೈಲಿಗೆ ಹೋದರು. ಇವತ್ತಿನವರು ಡಿಪಿ ಬದಲಾಯಿಸುತ್ತಾರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಮರದನೆರಳು
ಹಾಕಿಲ್ಲ. ತೋರಿಸುವುದು ತಪ್ಪಲ್ಲ ಅಂದೆ. ತೋರಿಸಿದವರು ಆಮೇಲೆ ಎಲ್ಲಿದ್ದರು ಅಂತ ನೋಡಿ ಅನ್ನುತ್ತಿದ್ದೇನೆ.

ಬೆಳ್ಳಿಚುಕ್ಕಿ
ಆಮೇಲೆ ಎಲ್ಲಿದ್ದರು ಅಂದಾಗ ನನಗೆ ಪೀಟರ್ ನಾರ್ಮನ್ ನೆನಪಾಗುತ್ತಾರೆ. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನ ಆ ಫೋಟೊ ಎಲ್ಲರೂ ನೋಡಿರುತ್ತೀರಿ, ಅಮೆರಿಕದ ಕಪ್ಪು ಓಟಗಾರರಾದ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ವರ್ಣಭೇದದ ವಿರುದ್ಧ ಕಪ್ಪು ಗ್ಲೌಸ್ ಹಾಕಿ ಮುಷ್ಟಿ ಎತ್ತಿ ನಿಂತದ್ದು. ಎರಡನೇ ಸ್ಥಾನದಲ್ಲಿ ಸುಮ್ಮನೆ ನಿಂತ ಬಿಳಿಯ ಓಟಗಾರ ಆಸ್ಟ್ರೇಲಿಯಾದ ನಾರ್ಮನ್. ಸೂಕ್ಷ್ಮವಾಗಿ ನೋಡಿದರೆ ಅವರ ಎದೆಯ ಮೇಲೂ ಮಾನವ ಹಕ್ಕುಗಳ ಬ್ಯಾಡ್ಜ್ ಇದೆ. ಅದು ಅವರದ್ದಲ್ಲ. ವೇದಿಕೆಗೆ ಹೋಗುವ ಮುಂಚೆ ಅಮೆರಿಕದ ರೋಯಿಂಗ್ ತಂಡದ ಪಾಲ್ ಹಾಫ್‌ಮನ್ ಹತ್ತಿರ ಕೇಳಿ ಪಡೆದದ್ದು.

ಮುಷ್ಟಿ ಎತ್ತಲಿಲ್ಲ, ಭಾಷಣ ಮಾಡಲಿಲ್ಲ. ಒಂದು ಬ್ಯಾಡ್ಜ್. ಅದಕ್ಕೇ ಊರಿಗೆ ಹೋದ ಮೇಲೆ ಬೈಗುಳ ತಿಂದರು, 1972ರ ಒಲಿಂಪಿಕ್ಸ್‌ಗೆ ಅವರನ್ನು ಕಳಿಸಲಿಲ್ಲ. 2006ರಲ್ಲಿ ತೀರಿಕೊಂಡಾಗ ಅವರ ಶವಪೆಟ್ಟಿಗೆಗೆ ಹೆಗಲು ಕೊಟ್ಟವರು ಸ್ಮಿತ್ ಮತ್ತು ಕಾರ್ಲೋಸ್.

ಓದುಗಮಿತ್ರ
ಬೆಳ್ಳಿಚುಕ್ಕಿ ಅವರೇ, ಸಣ್ಣ ತಿದ್ದುಪಡಿ. 1972ಕ್ಕೆ ಆಯ್ಕೆ ಆಗದಿದ್ದಕ್ಕೆ ಕಾರಣ ಅದೇ ಅನ್ನುವುದು ಇವತ್ತಿಗೂ ವಾದದಲ್ಲಿದೆ. ಆಯ್ಕೆ ಓಟದಲ್ಲಿ ಮೂರನೆಯವರಾಗಿದ್ದರು ಅಂತ ಅಲ್ಲಿನ ಒಲಿಂಪಿಕ್ ಸಮಿತಿ ಹೇಳುತ್ತದೆ. 2012ರಲ್ಲಿ ಆಸ್ಟ್ರೇಲಿಯಾದ ಸಂಸತ್ತು ಅವರ ವಿಷಯದಲ್ಲಿ ಕ್ಷಮೆ ಕೇಳಿದ್ದು ನಿಜ. ಹೆಗಲು ಕೊಟ್ಟದ್ದೂ ನಿಜ.

ಬೆಳ್ಳಿಚುಕ್ಕಿ
ಧನ್ಯವಾದ ಸರ್. ಆದರೂ ಆ ಇಬ್ಬರು ಹೆಗಲು ಕೊಟ್ಟರಲ್ಲ, ನನಗೆ ಅದು ಸಾಕು. ಯಾರ ಪರವಾಗಿ ನಿಂತಿರೋ ಅವರೇ ನಿಮ್ಮನ್ನು ತಮ್ಮವರು ಅಂದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಯಾವುದು?

ಕಡ್ಡಿಪೆಟ್ಟಿಗೆ
ಇದೇ ಸರಿಯಾದ ಅಳತೆಗೋಲು. 2012ರಲ್ಲಿ ಕೋನಿ ಅಂತ ಒಂದು ವಿಡಿಯೊ ಬಂತು, ಉಗಾಂಡದ ಬಂಡುಕೋರ ಜೋಸೆಫ್ ಕೋನಿಯನ್ನು ಹಿಡಿಯಿರಿ ಅಂತ. ಆರೇ ದಿನಕ್ಕೆ ಹತ್ತು ಕೋಟಿ ಸಲ ನೋಡಿದರು. ಅವನಿಂದ ನಿಜವಾಗಿ ನರಳಿದ ಉತ್ತರ ಉಗಾಂಡದ ಲಿರಾ ಪಟ್ಟಣದಲ್ಲಿ ಅದನ್ನು ಪರದೆ ಕಟ್ಟಿ ತೋರಿಸಿದರು. ಜನ ಸಿಟ್ಟಾಗಿ ಕಲ್ಲು ತೂರಿದರು. ಕೋನಿ ಉಗಾಂಡ ಬಿಟ್ಟು ಹೋಗಿ ಎಷ್ಟೋ ವರ್ಷ ಆಗಿತ್ತು. ತಮ್ಮ ಕಥೆಯಲ್ಲಿ ತಾವೇ ಇಲ್ಲ ಅಂತ ಅವರಿಗೆ ಅನ್ನಿಸಿತು. ಏಪ್ರಿಲ್ 20ರ ರಾತ್ರಿ ಎಲ್ಲಾ ಊರುಗಳಲ್ಲಿ ಪೋಸ್ಟರ್ ಹಚ್ಚಬೇಕು ಅಂತ ಕರೆ ಕೊಟ್ಟಿದ್ದರು. ಬಂದವರು ಬೆರಳೆಣಿಕೆ.

ಕಿವಿಗೊಡು
ನಾನೂ ಒಂದು ಮಾತು ಹೇಳಲಾ? ನನಗೆ ಕಣ್ಣು ಕಾಣುವುದಿಲ್ಲ. ಪರದೆಯ ಅಕ್ಷರಗಳನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಇಟ್ಟುಕೊಂಡು ಈ ಚರ್ಚೆ ಕೇಳುತ್ತಿದ್ದೇನೆ.

ಪ್ರತಿ ಡಿಸೆಂಬರ್ 3, ಅಂಗವಿಕಲರ ಅಂತರರಾಷ್ಟ್ರೀಯ ದಿನ. ಹಿಂದೆ ನಾನಿದ್ದ ಕಂಪನಿಯಲ್ಲಿ ಅವತ್ತು ಎಲ್ಲರಿಗೂ ಒಂದು ಮೇಲ್ ಬಂತು. ನನ್ನ ಸ್ಕ್ರೀನ್ ರೀಡರ್ ಓದಿದ್ದು ಇಷ್ಟು: "ಚಿತ್ರ." ಬೇರೇನೂ ಇಲ್ಲ. ಪಕ್ಕದ ಸೀಟಿನವರನ್ನು ಕೇಳಿದೆ. ಚಿತ್ರದಲ್ಲಿ ಬಣ್ಣಬಣ್ಣದ ಅಕ್ಷರಗಳಲ್ಲಿ "ಇಲ್ಲಿ ಯಾರೂ ಹೊರಗಿನವರಲ್ಲ" ಅಂತ ಬರೆದಿತ್ತಂತೆ. ನನಗಾಗಿ ಕಳಿಸಿದ ಮೇಲ್ ನನಗೆ ಓದಲು ಬರಲಿಲ್ಲ. ಚಿತ್ರಕ್ಕೆ ಒಂದು ಸಾಲಿನ ವಿವರಣೆ ಬರೆದಿದ್ದರೆ ಆಗುತ್ತಿತ್ತು.

ಮೇಲ್ ಮಾಡಿದ ಹುಡುಗಿ ತುಂಬಾ ಒಳ್ಳೆಯವಳು. ಮನಸ್ಸಿಟ್ಟೇ ಮಾಡಿದ್ದಳು. ಅದಕ್ಕೇ ಹೇಳುತ್ತೇನೆ, ಪ್ರಾಮಾಣಿಕತೆ ಇದೆಯಾ ಇಲ್ಲವಾ ಅಂತ ನೀವು ಇಷ್ಟು ಹೊತ್ತು ವಾದ ಮಾಡುತ್ತಿದ್ದೀರಿ. ನನಗೆ ಆ ಪ್ರಶ್ನೆಯಿಂದ ಪ್ರಯೋಜನ ಇಲ್ಲ. ಮನಸ್ಸು ಚೆನ್ನಾಗಿದ್ದೂ ನನ್ನನ್ನು ಕೇಳದೆ ಮಾಡಿದ್ದು ನನ್ನನ್ನು ತಲುಪಲಿಲ್ಲ. ಅದೇ ಕಂಪನಿಯ ರಜೆ ಅರ್ಜಿಯ ಪುಟದಲ್ಲಿ ದಿನಾಂಕ ಆರಿಸುವ ಜಾಗ ಕೀಬೋರ್ಡಿನಿಂದ ತೆರೆಯುತ್ತಲೇ ಇರಲಿಲ್ಲ. ಪ್ರತಿ ಸಲ ರಜೆ ಹಾಕಲು ಯಾರನ್ನಾದರೂ ಕರೆಯಬೇಕು. ಯಾಕೆ ರಜೆ ಅಂತ ಅವರಿಗೂ ಹೇಳಬೇಕು.

ಸಂಜೆಗಾಳಿ
ಓದಿ ಮೈ ಉರಿಯಿತು ಅಕ್ಕ. ಬೇರೆ ವೆಬ್‌ಸೈಟ್‌ಗಳೂ ಹೀಗೇನಾ?

ಕಿವಿಗೊಡು
ಹೆಚ್ಚುಕಡಿಮೆ ಹೀಗೇ. ವೆಬ್‌ಏಯಿಮ್ ಎಂಬ ಸಂಸ್ಥೆ ಪ್ರತಿ ವರ್ಷ ಅಂಗವಿಕಲರು ಬಳಸಲು ಆಗುತ್ತದಾ ಅಂತ ಹತ್ತು ಲಕ್ಷ ಮುಖಪುಟಗಳನ್ನು ಪರೀಕ್ಷಿಸುತ್ತದೆ. 2019ರಲ್ಲಿ ಶೇ 97.8ರಷ್ಟು ಪುಟಗಳಲ್ಲಿ ತಪ್ಪು ಸಿಕ್ಕಿತ್ತು. 2025ರಲ್ಲಿ ಶೇ 94.8. ಸುಧಾರಣೆ ಅಂದರೆ ಇಷ್ಟು. ವಿವರಣೆ ಇಲ್ಲದ ಚಿತ್ರ, ಹಿನ್ನೆಲೆಯಲ್ಲಿ ಕರಗಿಹೋಗುವ ತೆಳು ಬಣ್ಣದ ಅಕ್ಷರ, ಇವೇ ಜಾಸ್ತಿ.

ನಾನು ಬಳಸುವ ಸ್ಕ್ರೀನ್ ರೀಡರ್ ಎನ್‌ವಿಡಿಎ. ಕಣ್ಣು ಕಾಣದ ಇಬ್ಬರು ಆಸ್ಟ್ರೇಲಿಯಾದ ಹುಡುಗರು 2006ರಲ್ಲಿ ಶುರು ಮಾಡಿದ್ದು, ಉಚಿತ. ಅದಕ್ಕೂ ಮುಂಚೆ ಸ್ಕ್ರೀನ್ ರೀಡರ್ ಅಂದರೆ ದುಡ್ಡಿದ್ದವರಿಗೆ ಮಾತ್ರ ಅನ್ನುವ ಹಾಗಿತ್ತು.

ಅಲೆಮಾರಿಮನ
ಎನ್‌ವಿಡಿಎ ಕನ್ನಡ ಓದುತ್ತದಾ?

ಕಿವಿಗೊಡು
ಓದುತ್ತದೆ. ಅದರೊಳಗಿನ ಇಸ್ಪೀಕ್ ಎಂಬ ಕಂಪ್ಯೂಟರ್ ದನಿ ಸ್ವಲ್ಪ ಒರಟು, ಅಭ್ಯಾಸ ಆದರೆ ತೊಂದರೆ ಇಲ್ಲ. ಚಿತ್ರದೊಳಗೆ ಬರೆದ ಕನ್ನಡ ಮಾತ್ರ ಸಿಗುವುದಿಲ್ಲ. ನೀವು ಕವನ, ಸುಭಾಷಿತ, ಖಂಡನೆ ಎಲ್ಲಾ ಚಿತ್ರ ಮಾಡಿ ಕಳಿಸುತ್ತೀರಲ್ಲ, ಅದು ನಮಗೆ ಖಾಲಿ.

ನೀಲಿಶಾಯಿ
ಕಂಪನಿಗಳ ಮಾತು ಬಂದದ್ದಕ್ಕೆ ಹೇಳುತ್ತೇನೆ. ಜನರ ಮನಸ್ಸು ಅಳೆಯಲು ಆಗುವುದಿಲ್ಲ, ಸಂಸ್ಥೆಗಳದ್ದು ಅಳೆಯಬಹುದು. ಬ್ರಿಟನ್‌ನಲ್ಲಿ 250 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಗಂಡಸರ ಮತ್ತು ಹೆಂಗಸರ ಸಂಬಳದ ಅಂತರವನ್ನು ಬಹಿರಂಗ ಮಾಡಬೇಕು ಅಂತ 2017ರಿಂದ ಕಾನೂನಿದೆ. 2022ರ ಮಾರ್ಚ್ 8ರಂದು ಸಂಸ್ಥೆಗಳು ಟ್ವಿಟರ್‌ನಲ್ಲಿ ಮಹಿಳಾ ದಿನದ ಶುಭಾಶಯ ಹಾಕುತ್ತಾ ಹೋದವು. ಇಬ್ಬರು ಸೇರಿ ಮಾಡಿದ ಒಂದು ಬಾಟ್ (ತಾನಾಗಿಯೇ ಪೋಸ್ಟ್ ಹಾಕುವ ಪ್ರೋಗ್ರಾಂ), ಪ್ರತಿ ಶುಭಾಶಯದ ಪಕ್ಕದಲ್ಲೇ ಆ ಸಂಸ್ಥೆಯದೇ ಅಂಕಿ ಹಾಕುತ್ತಾ ಬಂತು: ಇಲ್ಲಿ ಹೆಂಗಸರ ಗಂಟೆಯ ಸಂಬಳ ಗಂಡಸರಿಗಿಂತ ಇಷ್ಟು ಕಡಿಮೆ. ಬೈಗುಳ ಇಲ್ಲ, ವಿಶೇಷಣ ಇಲ್ಲ. ಹಲವರು ಶುಭಾಶಯವನ್ನೇ ಅಳಿಸಿದರು.

ನಾವೂ ಹಾಗೇ ಮಾಡಬೇಕು. ವ್ಯಕ್ತಿಗಳ ಮೇಲೆ ಬೀಳುವುದು ಬಿಟ್ಟು, ಅಧಿಕಾರ ಇರುವ ಕಡೆ ಅಂಕಿ ಕೇಳಬೇಕು.

ನೇರನುಡಿ
ಇದು ಒಪ್ಪತಕ್ಕ ಮಾತು. ನನ್ನ ಸಿಟ್ಟು ಇಂಥ ಸಂಸ್ಥೆಗಳ ಮೇಲೇ ಜಾಸ್ತಿ.

ಹೊಸಿಲು
ಎಲ್ಲರಿಗೂ ಧನ್ಯವಾದ. ಆದರೆ ನನ್ನ ಮೊದಲ ಪ್ರಶ್ನೆ ಇನ್ನೂ ಹಾಗೇ ಇದೆ. ಜನ ಯಾಕೆ ಡಿಪಿಯಲ್ಲೇ ನಿಂತುಬಿಡುತ್ತಾರೆ? ಕಾಳಜಿ ಕಡಿಮೆ ಅಂತಾನಾ?

ಓದುಗಮಿತ್ರ
ಇದಕ್ಕೆ ನನ್ನ ಹತ್ತಿರ ಎರಡು ಉತ್ತರ ಇವೆ, ಎರಡನೆಯದು ಮುಖ್ಯ.

ಮೊದಲನೆಯದು 2014ರ ಒಂದು ಅಧ್ಯಯನ, ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು ಮಾಡಿದ್ದು. ಮೊದಲು ಸಣ್ಣದೊಂದು ಬೆಂಬಲ ತೋರಿಸಲು ಅವಕಾಶ ಕೊಟ್ಟರು. ಕೆಲವರು ಎಲ್ಲರ ಎದುರು ತೋರಿಸಿದರು, ಕೆಲವರು ಖಾಸಗಿಯಾಗಿ. ಆಮೇಲೆ ಹೆಚ್ಚಿನ ಸಹಾಯ ಕೇಳಿದಾಗ, ಖಾಸಗಿಯಾಗಿ ಬೆಂಬಲ ಕೊಟ್ಟವರೇ ಜಾಸ್ತಿ ಮುಂದೆ ಬಂದರು. ನಾಲ್ಕು ಜನರ ಎದುರು ಒಳ್ಳೆಯವರು ಅನ್ನಿಸಿಕೊಂಡ ಮೇಲೆ ಒಳಗಿನ ಒತ್ತಾಯ ಇಳಿದುಬಿಡುತ್ತದೆ. ಆದರೆ ಅದು ದಾನ, ಸ್ವಯಂಸೇವೆಯಂಥ ಕೆಲಸಗಳ ಬಗ್ಗೆ. ಅಪಾಯ ಇರುವ ಹೋರಾಟಕ್ಕೆ ನೇರವಾಗಿ ಅನ್ವಯ ಮಾಡಬೇಡಿ.

ಎರಡನೆಯದು. 1964ರ ಬೇಸಿಗೆಯಲ್ಲಿ ಅಮೆರಿಕದ ವಿದ್ಯಾರ್ಥಿಗಳು ಮಿಸಿಸಿಪಿಗೆ ಹೋಗಿ ಕಪ್ಪು ಜನರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸುವ ಕೆಲಸಕ್ಕೆ ಅರ್ಜಿ ಹಾಕಿದರು. ಸುಮ್ನೆ ಪ್ರವಾಸ ಅಲ್ಲ, ಶುರುವಿನಲ್ಲೇ ಮೂವರು ಕಾರ್ಯಕರ್ತರ ಕೊಲೆ ಆಯಿತು. ಅರ್ಜಿ ಹಾಕಿ ಆಯ್ಕೆ ಆದವರಲ್ಲಿ 720 ಜನ ಹೋದರು, 239 ಜನ ಹಿಂದೆ ಸರಿದರು. ಸಮಾಜಶಾಸ್ತ್ರಜ್ಞ ಡಗ್ ಮೆಕ್‌ಆಡಮ್ ವರ್ಷಗಳ ನಂತರ ಆ ಅರ್ಜಿಗಳನ್ನೇ ಕೂತು ಓದಿದರು. ಹೋದವರಿಗೂ ಹೋಗದವರಿಗೂ ನಂಬಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಇಬ್ಬರೂ ಅಷ್ಟೇ ಕಳಕಳಿಯಿಂದ ಬರೆದಿದ್ದರು. ಎದ್ದು ಕಂಡ ವ್ಯತ್ಯಾಸ ಒಂದು: ಹೋದವರಿಗೆ ಅಲ್ಲಿಗೇ ಹೊರಟಿದ್ದ ಆಪ್ತ ಗೆಳೆಯರು ಜಾಸ್ತಿ ಇದ್ದರು.

ಹೊಸಿಲು ಅವರೇ, ನಿಮ್ಮ ಗ್ರೂಪಿನವರ ಕಾಳಜಿ ಸುಳ್ಳು ಅಂತ ನನಗೆ ಅನ್ನಿಸುವುದಿಲ್ಲ. "ನಾಳೆ ಹತ್ತು ಗಂಟೆಗೆ ನಾನು ಹೋಗುತ್ತಿದ್ದೇನೆ, ನೀನೂ ಬಾ" ಅಂತ ಅವರಿಗೆ ಹೇಳುವವರು ಯಾರೂ ಇಲ್ಲ.

ಗುಬ್ಬಿಗೂಡು
ಇಡೀ ಚರ್ಚೆಯಲ್ಲಿ ಇದೇ ಮಾತು ನನಗೆ ತಲೆಯಲ್ಲಿ ಕೂತದ್ದು. ಕರೆದರೆ ಜನ ಬರುತ್ತಾರೆ. ಬೈದರೆ ಓಡುತ್ತಾರೆ.

ಕಡ್ಡಿಪೆಟ್ಟಿಗೆ
ಆದರೆ ಬೈದರೆ ಲೈಕ್ ಬರುತ್ತದಲ್ಲ, ಅದೇ ಸಮಸ್ಯೆ. 2021ರಲ್ಲಿ ಯೇಲ್ ವಿಶ್ವವಿದ್ಯಾಲಯದವರು 7,331 ಜನರ 1.27 ಕೋಟಿ ಟ್ವೀಟ್ ನೋಡಿದರು. ಸಿಟ್ಟಿನ ಟ್ವೀಟಿಗೆ ಲೈಕ್, ರಿಟ್ವೀಟ್ ಜಾಸ್ತಿ ಬಂದವರು ಮುಂದೆ ಇನ್ನೂ ಜಾಸ್ತಿ ಸಿಟ್ಟು ತೋರಿಸುತ್ತಾ ಹೋದರು. ರಾಜಕೀಯವಾಗಿ ಮಧ್ಯಮ ನಿಲುವಿನ ಗುಂಪುಗಳಲ್ಲಿದ್ದವರ ಮೇಲೇ ಲೈಕಿನ ಪ್ರಭಾವ ಹೆಚ್ಚು. ಅವರ ಸಿಟ್ಟು ಸುಳ್ಳು ಅಂತ ಅಲ್ಲ. ಸಿಟ್ಟು ಬೆಳೆಯುವ ದಿಕ್ಕನ್ನು ಬೇರೆ ಯಾರೋ ತಿರುಗಿಸುತ್ತಿದ್ದಾರೆ.

ನೇರನುಡಿ
ಹಾಗಾದರೆ ತಪ್ಪು ಮಾಡಿದವರಿಗೆ ಯಾರೂ ಏನೂ ಹೇಳಬಾರದಾ? ಮೆತ್ತಗೆ ಮಾತಾಡಿ ಯಾವ ಹೋರಾಟ ಗೆದ್ದಿದೆ?

ಬೆಳ್ಳಿಚುಕ್ಕಿ
ಹೇಳಬೇಕು ಸರ್. ಯಾರಿಗೆ, ಎಲ್ಲಿ ಅನ್ನುವುದು ಪ್ರಶ್ನೆ. ಲೊರೆಟಾ ರಾಸ್ ಅಂತ ಅಮೆರಿಕದ ಕಪ್ಪು ಸ್ತ್ರೀವಾದಿ ಇದ್ದಾರೆ. ಸ್ವತಃ ಅತ್ಯಾಚಾರಕ್ಕೆ ಒಳಗಾದವರು. 1970ರ ದಶಕದಲ್ಲಿ ವಾಷಿಂಗ್ಟನ್‌ನ ಸಂತ್ರಸ್ತರ ಕೇಂದ್ರದಲ್ಲಿದ್ದಾಗ, ಜೈಲಿನಲ್ಲಿದ್ದ ಅತ್ಯಾಚಾರದ ಅಪರಾಧಿಗಳು ಬದಲಾಗಬೇಕು ಅಂತ ಪತ್ರ ಬರೆದರು. ಇವರು ಹೋಗಿ ಅವರ ಜೊತೆ ಕೂತು ಮಾತಾಡಿದರು. ಅಂಥವರು ಇವತ್ತು ಹೇಳುತ್ತಿರುವುದು: ನಮ್ಮದೇ ಕಡೆಯವರು ಎಡವಿದರೆ ಜನರ ಎದುರು ಹರಾಜು ಹಾಕಬೇಡಿ, ಪಕ್ಕಕ್ಕೆ ಕರೆದು ಮಾತಾಡಿ. ಬಹಿರಂಗವಾಗಿ ಗುಡುಗುವುದನ್ನು ಅಧಿಕಾರದಲ್ಲಿರುವವರಿಗೆ ಇಟ್ಟುಕೊಳ್ಳಿ. ರಾಸ್ ಅವರಿಗಿಂತ ಜಾಸ್ತಿ ಸಿಟ್ಟಾಗುವ ಹಕ್ಕು ನಮಗಿದೆಯಾ?

ನೇರನುಡಿ
ಅವರ ಮಟ್ಟದ ತಾಳ್ಮೆಯನ್ನು ಎಲ್ಲಾ ಸಂತ್ರಸ್ತರಿಂದ ಕೇಳುವುದೂ ಒಂದು ಬಗೆಯ ಒತ್ತಾಯವೇ. ಕೆಲವರಿಗೆ ಸಿಟ್ಟು ಬಿಟ್ಟರೆ ಬೇರೆ ಏನೂ ಉಳಿದಿರುವುದಿಲ್ಲ.

ಗುಬ್ಬಿಗೂಡು
ಇದನ್ನು ಪೂರ್ತಿ ಒಪ್ಪುತ್ತೇನೆ ನೇರನುಡಿ ಅವರೇ. ನೋವು ತಿಂದವರ ಸಿಟ್ಟಿಗೆ ನಾವು ಷರತ್ತು ಹಾಕಬಾರದು. ಹೊಸಿಲು ಅವರ ಗ್ರೂಪಿನಲ್ಲಿ ಸಿಟ್ಟಾದವರು ನೋವು ತಿಂದವರಲ್ಲ, ಅಲ್ವಾ? ಅವರ ಹೆಸರಿನಲ್ಲಿ ಸಿಟ್ಟಾದವರು.

ಮರದನೆರಳು
ಜೊತೆ ನಿಲ್ಲುವುದು ಅಂದರೆ ಹೇಗಿರುತ್ತದೆ ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ಘಟನೆ ಹೇಳುತ್ತೇನೆ. ಕಿವಿಗೊಡು ಅವರಿಗೆ ಗೊತ್ತಿರಬಹುದು.

ಸರ್ಕಾರದ ದುಡ್ಡು ಪಡೆಯುವ ಯಾವ ಕಡೆಯೂ ಅಂಗವಿಕಲರನ್ನು ಹೊರಗಿಡುವಂತಿಲ್ಲ ಅಂತ ಅಮೆರಿಕದಲ್ಲಿ 1973ರಲ್ಲೇ ಕಾನೂನು ಬಂದಿತ್ತು. ಜಾರಿ ನಿಯಮಗಳಿಗೆ ಮಾತ್ರ ಯಾರೂ ಸಹಿ ಹಾಕಲಿಲ್ಲ. ನಾಲ್ಕು ವರ್ಷ. 1977ರ ಏಪ್ರಿಲ್ 5ರಂದು ನೂರಕ್ಕೂ ಹೆಚ್ಚು ಅಂಗವಿಕಲರು ಸ್ಯಾನ್ ಫ್ರಾನ್ಸಿಸ್ಕೊದ ಸರ್ಕಾರಿ ಕಚೇರಿಯೊಳಗೆ ಹೋಗಿ ಕೂತರು, ಮತ್ತೆ ಏಳಲಿಲ್ಲ. ವೀಲ್‌ಚೇರ್‌ನವರು, ಕುರುಡರು, ಕಿವುಡರು. ಎಷ್ಟೋ ಜನಕ್ಕೆ ದಿನವೂ ಮಗ್ಗುಲು ಬದಲಿಸಲೂ ಇನ್ನೊಬ್ಬರ ಕೈ ಬೇಕು. ಅಧಿಕಾರಿಗಳು ಫೋನ್ ಲೈನ್ ಕತ್ತರಿಸಿದರು. ಆಗ ಕಿವುಡರು ಕಿಟಕಿಯಲ್ಲಿ ನಿಂತು ಕೈ ಸನ್ನೆಯ ಭಾಷೆಯಲ್ಲಿ ಹೊರಗಿನವರಿಗೆ ಸುದ್ದಿ ಮುಟ್ಟಿಸಿದರು.

ಕಪ್ಪು ಜನರ ಹಕ್ಕಿಗೆ ಹೋರಾಡುತ್ತಿದ್ದ ಬ್ಲ್ಯಾಕ್ ಪ್ಯಾಂಥರ್ಸ್ ಪಕ್ಷದವರು ದಿನವೂ ಬಿಸಿ ಊಟ ತಂದುಕೊಟ್ಟರು. ಒಂದು ದಿನ ಅಲ್ಲ, ಮುಗಿಯುವವರೆಗೂ. ಊಟ ಇಲ್ಲದಿದ್ದರೆ ಒಳಗಿದ್ದವರು ಅಷ್ಟು ದಿನ ನಿಲ್ಲಲು ಸಾಧ್ಯವೇ ಇರಲಿಲ್ಲ. ಏಪ್ರಿಲ್ 28ಕ್ಕೆ ಸಹಿ ಬಿತ್ತು.

ಸಂಜೆಗಾಳಿ
ಕಣ್ಣು ತುಂಬಿ ಬಂತು ಸರ್. ಇದು ನನಗೆ ಗೊತ್ತೇ ಇರಲಿಲ್ಲ.

ಕಿವಿಗೊಡು
ಗೊತ್ತಿತ್ತು ಮರದನೆರಳು ಅವರೇ, ಆದರೂ ಮತ್ತೆ ಕೇಳಿ ಖುಷಿ ಆಯಿತು. ಒಳಗಿದ್ದವರಲ್ಲಿ ಬ್ರಾಡ್ ಲೋಮ್ಯಾಕ್ಸ್ ಅಂತ ಒಬ್ಬರಿದ್ದರು. ಪ್ಯಾಂಥರ್ಸ್ ಸದಸ್ಯ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗ ಇದ್ದು ವೀಲ್‌ಚೇರ್‌ನಲ್ಲಿದ್ದವರು. ಊಟ ಬಂದದ್ದು ಅವರ ನಂಟಿನಿಂದ. ಓದುಗಮಿತ್ರ ಅವರು ಹೇಳಿದ ಗೆಳೆಯರ ಮಾತು ಇಲ್ಲೂ ಇದೆ ನೋಡಿ.

ಅಲೆಮಾರಿಮನ
ಒಂದು ಪ್ರಶ್ನೆ. ನಮ್ಮ ಆಫೀಸಿನಲ್ಲಿ ಡಿಸೆಂಬರ್ ಕಾರ್ಯಕ್ರಮದ ತಯಾರಿ ಶುರು ಆಗಿದೆ. ಪೋಸ್ಟರ್, ಸೆಲ್ಫಿ ಚೌಕಟ್ಟು, ಒಬ್ಬ ಅತಿಥಿಯ ಸ್ಫೂರ್ತಿದಾಯಕ ಭಾಷಣ. ನಾನು ಸಮಿತಿಯಲ್ಲಿದ್ದೇನೆ. ಕಿವಿಗೊಡು ಅಕ್ಕ, ನಾನು ಏನು ಕೇಳಬೇಕು?

ಕಿವಿಗೊಡು
ಪೋಸ್ಟರ್ ಬೇಡ ಅನ್ನಬೇಡಿ, ಅದಕ್ಕೆ ಜಗಳ ಆಗುತ್ತದೆ. ಪೋಸ್ಟರಿನ ಮಾತನ್ನು ಮೇಲ್‌ನಲ್ಲಿ ಅಕ್ಷರವಾಗಿಯೂ ಹಾಕಿ ಅನ್ನಿ. ಭಾಷಣದ ದುಡ್ಡಿನಲ್ಲಿ ಅರ್ಧವನ್ನಾದರೂ ಸ್ಕ್ರೀನ್ ರೀಡರ್ ದಿನವೂ ಬಳಸುವ ಒಬ್ಬರಿಗೆ ಕೊಟ್ಟು, ನಿಮ್ಮ ಆಫೀಸಿನ ರಜೆ, ಸಂಬಳ, ದೂರಿನ ಪುಟಗಳನ್ನು ಪರೀಕ್ಷೆ ಮಾಡಿಸಿ. ಪುಕ್ಕಟೆ ಕೇಳಬೇಡಿ, ಅದು ಅವರ ಕೆಲಸ. ಸಿಕ್ಕ ತಪ್ಪುಗಳ ಪಟ್ಟಿಗೆ ದಿನಾಂಕ ಹಾಕಿಸಿ, ಯಾರು ಸರಿಮಾಡುತ್ತಾರೆ ಅಂತ ಹೆಸರು ಬರೆಸಿ. ಸೆಲ್ಫಿ ಚೌಕಟ್ಟು ಅವರಿಗೇ ಬಿಟ್ಟುಬಿಡಿ.

ನಿಮ್ಮ ಆಫೀಸಿನಲ್ಲೇ ಅಂಗವಿಕಲ ನೌಕರರು ಇದ್ದರೆ ಮೊದಲು ಅವರನ್ನು ಒಬ್ಬೊಬ್ಬರಾಗಿ ಕೇಳಿ. ಸಭೆಯಲ್ಲಿ ಎಲ್ಲರ ಎದುರು ಕೇಳಬೇಡಿ.

ನೇರನುಡಿ
ದಿನಾಂಕ, ಹೆಸರು ಬರೆಸುವುದು ಮರೆಯಬೇಡಿ. ಅದಿಲ್ಲದಿದ್ದರೆ ಮುಂದಿನ ಡಿಸೆಂಬರ್‌ವರೆಗೂ ಆ ಪಟ್ಟಿಯನ್ನು ಯಾರೂ ತೆರೆಯುವುದಿಲ್ಲ.

ಓದುಗಮಿತ್ರ
ಸಮಿತಿಯಲ್ಲಿ ಒಬ್ಬರೇ ಎದ್ದು ಹೇಳಬೇಡಿ. ಸಭೆಗೆ ಮುಂಚೆ ಇಬ್ಬರ ಹತ್ತಿರ ಮಾತಾಡಿಟ್ಟುಕೊಳ್ಳಿ.

ಅಲೆಮಾರಿಮನ
ಒಬ್ಬರು ಈಗಾಗಲೇ ಒಪ್ಪಿದ್ದಾರೆ. ಅಕ್ಕ, ಮೇಲ್‌ನ ಕರಡು ಇಲ್ಲೇ ಹಾಕಿದರೆ ನೋಡಿಕೊಡುತ್ತೀರಾ?

ಕಿವಿಗೊಡು
ಹಾಕಿ. ಚಿತ್ರ ಮಾಡಿ ಹಾಕಬೇಡಿ, ಅಕ್ಷರದಲ್ಲೇ ಹಾಕಿ. ಗುರುವಾರದವರೆಗೆ ನನಗೆ ಬಿಡುವಿದೆ.